ಗೇರುಸೊಪ್ಪೆಯ ಹೆಸರು ಹೊತ್ತ ಹಡಗು

ಶರಾವತಿಯ ದಡದ ಗೇರುಸೊಪ್ಪೆಯು ಮೆಣಸಿನ ವ್ಯಾಪಾರದಿಂದಲೂ ರಾಣಿ ಚೆನ್ನಭೈರಾದೇವಿಯಿಂದಲೂ ಹೆಸರಾದ ಊರು. ಜೋಗದ ಜಲಪಾತವನ್ನು ಆಂಗ್ಲರು ಈ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅದೇ ಹೆಸರಿನ ಉಗಿಹಡಗೊಂದು ಅಟ್ಲಾಂಟಿಕ್ ಸಾಗರದ ತಳದಲ್ಲಿ ಮಲಗಿದೆ. ಅದರ ವೃತ್ತಾಂತದಲ್ಲಿ ಇತಿಹಾಸದ ಅಭ್ಯಾಸಿಗಳು ಯೋಚಿಸತಕ್ಕ ವಿಷಯವೊಂದುಂಟು.

'ಗೇರ್ಸೊಪ್ಪ' ಹಡಗು ಇಂಗ್ಲೆಂಡಿನ ಟೈನ್ ನದೀತೀರದಲ್ಲಿ, ಪಾಮರ್ಸ್ ಕಂಪೆನಿಯವರ ಕಾರ್ಖಾನೆಯಲ್ಲಿ 1919ರಲ್ಲಿ ಸಿದ್ಧವಾಯಿತು. ಮೊದಲನೆಯ ಮಹಾಯುದ್ಧದ ಕಾಲದ ಯೋಜನೆಯಂತೆ ಅದಕ್ಕೆ 'ವಾರ್ ರೋಬಕ್' ಎಂಬ ಹೆಸರು ನಿಶ್ಚಯವಾಗಿತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಯ ಕೈಸೇರಿದಾಗ ನಮ್ಮ ನಾಡಿನ ಹೆಸರು ಅದಕ್ಕೆ ಬಂತು. 5,237 ಟನ್ನಿನ ಈ ಹಡಗು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಭಾರತ, ಪೂರ್ವ ಆಫ್ರಿಕ, ಆಸ್ಟ್ರೇಲಿಯಗಳ ಬಂದರುಗಳ ನಡುವೆ ಸರಕು ಸಾಗಿಸಿತು.

1940ರ ಡಿಸೆಂಬರಿನಲ್ಲಿ ಅದು ಕಲ್ಕತ್ತೆಯಿಂದ ಬ್ರಿಟನ್ನಿಗೆ ಹೊರಟಿತು. ಬೀಡುಕಬ್ಬಿಣ, ಚಹ, ಟಪಾಲು, ಆರು ಲಕ್ಷ ಪೌಂಡು ಬೆಲೆಯ ಬೆಳ್ಳಿ ಅದರಲ್ಲಿದ್ದುವು. ಪಶ್ಚಿಮ ಆಫ್ರಿಕದ ಫ್ರೀಟೌನಿನಲ್ಲಿ ಬೆಂಗಾವಲಿನ ಹಡಗುಗಳ ಗುಂಪನ್ನು ಸೇರಿ 1941ರ ಜನವರಿ 30ರಂದು ಮುಂದುವರಿಯಿತು. ಬಿರುಗಾಳಿಯಿಂದ ವೇಗ ತಗ್ಗಿತು. ಕಲ್ಲಿದ್ದಲು ಬ್ರಿಟನ್ನಿನವರೆಗೆ ಸಾಲದಾಯಿತು. ಕ್ಯಾಪ್ಟನ್ ಹೈಲೆಂಡ್ ವಿಧಿಯಿಲ್ಲದೆ ಗುಂಪನ್ನು ಬಿಟ್ಟು ಐರ್ಲೆಂಡಿನ ಗಾಲ್ವೇ ಬಂದರಿನತ್ತ ತಿರುಗಿದನು. ಫೆಬ್ರವರಿಯ ನಡುವಿನಲ್ಲಿ ಒಂದು ದಿನ ಜರ್ಮನ್ ವಿಮಾನವೊಂದು ಅದನ್ನು ಕಂಡಿತು. ಅಂದೇ ರಾತ್ರಿ ಯು-101 ಎಂಬ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ, ಇಪ್ಪತ್ತು ನಿಮಿಷಗಳೊಳಗೆ ಹಡಗು ಮುಳುಗಿತು.

ಒಂದು ದೋಣಿಯಲ್ಲಿ 31 ಮಂದಿ ತಪ್ಪಿಸಿಕೊಂಡರು. ಹೆಚ್ಚಿನವರು ಭಾರತೀಯ ಖಲಾಸಿಗಳು. ಚಳಿಗಾಲದ ಕಡಲಿನಲ್ಲಿ ನೀರಿಲ್ಲದೆ ದಿನಕ್ಕೊಬ್ಬಿಬ್ಬರಂತೆ ಸತ್ತರು. ಹದಿಮೂರನೆಯ ದಿನ ಇಂಗ್ಲೆಂಡಿನ ಕಾರ್ನ್‌ವಾಲ್ ತೀರ ಸಿಕ್ಕಿತಾದರೂ ಅಲೆಗಳ ಹೊಡೆತಕ್ಕೆ ದೋಣಿ ಮಗುಚಿತು. ಬದುಕಿದವನು ದ್ವಿತೀಯ ಅಧಿಕಾರಿ ರಿಚರ್ಡ್ ಏರ್ಸ್ ಒಬ್ಬನೇ.

2011ರಲ್ಲಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗು ಪತ್ತೆಯಾಯಿತು. ಅಮೆರಿಕದ ಕಂಪೆನಿಯೊಂದು 2012 ಮತ್ತು 2013ರಲ್ಲಿ 2,792 ಬೆಳ್ಳಿಯ ಗಟ್ಟಿಗಳನ್ನು ಮೇಲೆತ್ತಿತು. ತೂಕ ಸುಮಾರು 110 ಟನ್ನು. ಬೆಳಕೂ ಪ್ರಾಣವಾಯುವೂ ಸುಳಿಯದ ಮೂಲೆಯಲ್ಲಿ ಒತ್ತಾಗಿ ಬಿದ್ದಿದ್ದ ಏಳುನೂರಕ್ಕೂ ಹೆಚ್ಚು ಕಾಗದಗಳು ಎಪ್ಪತ್ತು ವರ್ಷಗಳ ಮೇಲೂ ಓದುವಂತಿದ್ದುವು. ಅವುಗಳಲ್ಲಿ ಕೆಲವು 2018ರಲ್ಲಿ ಲಂಡನಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದುವು.

ಬೆಳ್ಳಿಗೆ ಲೆಕ್ಕವಿದೆ, ಕಾಗದ ಬರೆದವರಿಗೆ ಮಾತಿದೆ. ಕುಲುಮೆಗೆ ಕಲ್ಲಿದ್ದಲು ತುಂಬಿದ ಖಲಾಸಿಗಳೋ, ಹಡಗಿನ ಕಥೆಯಲ್ಲಿ ಬರಿಯ ಸಂಖ್ಯೆಯಾಗಿ ಉಳಿದರು. ಆ ಯುದ್ಧದಲ್ಲಿ ಕಡಲುಪಾಲಾದ ಭಾರತೀಯ ವ್ಯಾಪಾರಿ ನಾವಿಕರು ಸುಮಾರು 6,000 ಮಂದಿ. ಅವರ ಸ್ಮಾರಕಗಳು ಮುಂಬಯಿ, ಚಿತ್ತಗಾಂಗ್‌ಗಳಲ್ಲಿವೆ. ಕಾಸರಗೋಡಿನ ಕರಾವಳಿಯಿಂದಲೂ ಹಡಗಿನ ಕೆಲಸಕ್ಕೆ ಹೋದವರು ಅನೇಕರು. ಅಂಥ ಮನೆಗಳ ಪೆಟ್ಟಿಗೆಯಲ್ಲಿ ಹಳೆಯ ನೌಕರಿಯ ಪುಸ್ತಕವೋ ಪತ್ರವೋ ಉಳಿದಿದ್ದರೆ, ಉಪಾಧ್ಯಾಯರು ಅದನ್ನು ಗೆದ್ದಲಿಗೆ ಬಿಡದೆ ಹೆಸರು, ಊರು, ಇಸವಿ ಬರೆದಿಡುವುದು ಒಳಿತು. ಸಮುದ್ರದ ತಳ ಉಳಿಸಿಕೊಟ್ಟಷ್ಟನ್ನಾದರೂ ನೆಲದ ಮೇಲಿನವರು ಉಳಿಸಬೇಡವೆ?