ಆಂತರಿಕ ಸಂಶೋಧನಾ ಅನುದಾನ

ಆಂತರಿಕ ಸಂಶೋಧನಾ ಅನುದಾನವು ವಿಶ್ವವಿದ್ಯಾಲಯವೊಂದು ತನ್ನದೇ ನಿಧಿಯಿಂದ ತನ್ನ ಅಧ್ಯಾಪಕರ ಸಂಶೋಧನೆಗೆ ನೀಡುವ ನೆರವಾಗಿದೆ. ಆರಂಭಿಕ ಹಂತದ ಸಣ್ಣ ಮೊತ್ತವನ್ನು ‘ಸೀಡ್ ಮನಿ’ ಎನ್ನಲಾಗುತ್ತದೆ. ಕೆಲವು ಫೆಲೋಶಿಪ್‌ಗಳಲ್ಲಿ ಹಣದೊಡನೆ ಬೋಧನೆಯಿಂದ ಬಿಡುವೂ ದೊರೆಯುತ್ತದೆ.

ಹಿನ್ನೆಲೆ

ದಕ್ಷಿಣ ಬೆಂಗಳೂರಿನ ಕೆಲವು ವಿಶ್ವವಿದ್ಯಾಲಯಗಳು ಮೊದಲು ಸಂಯೋಜಿತ ಕಾಲೇಜುಗಳಾಗಿದ್ದವು. ಬಿ.ಟಿ.ಎಂ. ಬಡಾವಣೆಗೆ ಸಮೀಪದ ಕ್ರೈಸ್ಟ್ ಕಾಲೇಜು (ಸ್ಥಾಪನೆ: 1969) 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬನಶಂಕರಿ 3ನೇ ಹಂತದ ಪಿಇಎಸ್ ತಾಂತ್ರಿಕ ಸಂಸ್ಥೆಯು 2013ರಲ್ಲಿ ಖಾಸಗಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಇಂತಹ ಬದಲಾವಣೆಯಿಂದ, ಬೋಧನೆಯೇ ಪ್ರಧಾನವಾಗಿದ್ದ ಅಧ್ಯಾಪಕವೃತ್ತಿಗೆ ಸಂಶೋಧನೆಯ ಹೊಣೆಯೂ ಸೇರಿತು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ನೀಡುವ ನ್ಯಾಕ್, ವಿಶ್ವವಿದ್ಯಾಲಯಗಳ ಮೌಲ್ಯಮಾಪನದಲ್ಲಿ ಸೀಡ್ ಮನಿಯನ್ನೂ ಪರಿಗಣಿಸಿದೆ.

ಅರ್ಜಿ

ಅರ್ಜಿಯಲ್ಲಿ ಸಾಮಾನ್ಯವಾಗಿ ಸಂಶೋಧನಾ ಪ್ರಶ್ನೆ, ಪೂರ್ವ ಅಧ್ಯಯನಗಳ ಸಮೀಕ್ಷೆ, ವಿಧಾನ, ಕಾಲಾವಧಿ ಹಾಗೂ ಖರ್ಚಿನ ಅಂದಾಜು ಇರುತ್ತವೆ. ಪರಿಶೀಲಿಸುವ ಸಮಿತಿಯಲ್ಲಿ ಅನ್ಯ ವಿಷಯಗಳ ಪ್ರಾಧ್ಯಾಪಕರೂ ಇರಬಹುದಾದ್ದರಿಂದ ಪಾರಿಭಾಷಿಕ ಪದಗಳಿಗಿಂತ ಸ್ಪಷ್ಟತೆ ಮುಖ್ಯ. ಜನರಿಂದ ಮಾಹಿತಿ ಸಂಗ್ರಹಿಸುವ ಅಧ್ಯಯನಗಳಿಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗಬಹುದು. ಅವಧಿ ಮುಗಿದ ಮೇಲೆ ವರದಿಯನ್ನೂ ಖರ್ಚಿನ ಲೆಕ್ಕವನ್ನೂ ಒಪ್ಪಿಸಬೇಕು.

ಸಮಯದ ಪ್ರಶ್ನೆ

ಯುಜಿಸಿಯ 2018ರ ನಿಯಮಾವಳಿಯಂತೆ ನೇರ ಬೋಧನೆಯ ಹೊರೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ. ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಪಾಠದ ಸಿದ್ಧತೆ, ಉತ್ತರಪತ್ರಿಕೆಗಳ ಮೌಲ್ಯಮಾಪನ ಇದಕ್ಕೆ ಹೊರತು. ಆದುದರಿಂದ ಹಣ ಮಂಜೂರಾದರೂ ಬಿಡುವು ಸಿಗದಿದ್ದಲ್ಲಿ ಸಂಶೋಧನೆಯು ರಜಾದಿನಗಳ ಕೆಲಸವಾಗಿ ಉಳಿಯುತ್ತದೆ. ಬೋಧನಾ ವಿನಾಯಿತಿ ಇದೆಯೇ ಎಂಬುದನ್ನು ಅರ್ಜಿಗೆ ಮುನ್ನವೇ ತಿಳಿಯುವುದು ಅಗತ್ಯ.

ಮಹತ್ವ

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಂತಹ ಹೊರಗಿನ ಸಂಸ್ಥೆಗಳಿಗೆ ಅರ್ಜಿ ಸಲ್ಲಿಸುವಾಗ ಹಿಂದಿನ ಕೆಲಸವೇ ಅರ್ಜಿದಾರರ ಬಲ. ಹೊಸ ಅಧ್ಯಾಪಕರಿಗೆ ಆ ಮೊದಲ ಕೆಲಸವನ್ನು ಸಾಧ್ಯವಾಗಿಸುವುದೇ ಆಂತರಿಕ ಅನುದಾನದ ಮುಖ್ಯ ಪ್ರಯೋಜನ.