ಚಳ್ಳಕೆರೆ, ಮೊಳಕಾಲ್ಮುರು: ಅಂಗಡಿಗೆ ಯಾವ ಪುಸ್ತಕ ಬರುತ್ತದೆ?

ಈ ಎರಡು ತಾಲ್ಲೂಕುಗಳಲ್ಲಿ ಪುಸ್ತಕದಂಗಡಿ ಎಂದರೆ ಹೆಚ್ಚಾಗಿ ನೋಟ್‌ಬುಕ್, ಪೆನ್ನು ಮಾರುವ ಅಂಗಡಿ. ಇಲ್ಲವೇ ಬಸ್ ನಿಲ್ದಾಣದ ಪೇಪರ್ ಅಂಗಡಿ. ಅಲ್ಲಿ ಏನು ಸಿಗಬೇಕು ಎಂಬುದನ್ನು ಮಾಲೀಕರ ಅಭಿರುಚಿಗಿಂತ ಒಂದು ವ್ಯವಹಾರದ ಪ್ರಶ್ನೆಯೇ ತೀರ್ಮಾನಿಸುತ್ತದೆ: ಮಾರದೆ ಉಳಿದದ್ದನ್ನು ಕಳಿಸಿದವರು ವಾಪಸ್ ತೆಗೆದುಕೊಳ್ಳುತ್ತಾರೆಯೇ?

ಉಳಿಕೆ ಪ್ರತಿ ವಾಪಸ್ ಹೋಗುವ ಪತ್ರಿಕೆಯನ್ನು ನಾಲ್ಕು ಹೆಚ್ಚಿಗೆ ತರಿಸಲು ಯಾರೂ ಹಿಂಜರಿಯುವುದಿಲ್ಲ. ಹೋಗದಿದ್ದರೆ ಎಣಿಸಿಯೇ ತರಿಸುತ್ತಾರೆ. 1965ರಲ್ಲಿ ಶುರುವಾದ ಸುಧಾ, 1983ರಲ್ಲಿ ಶುರುವಾದ ತರಂಗ ವಾರಪತ್ರಿಕೆಗಳು ದಾರದ ಮೇಲೆ ತೂಗುತ್ತಿದ್ದ ಜಾಗದಲ್ಲಿ ಈಗ ಸ್ಪರ್ಧಾ ಪರೀಕ್ಷೆಯ ಮಾಸಿಕಗಳು ತೂಗುತ್ತವೆ. ಜೂನ್‌ನಲ್ಲಿ ಗೈಡು, ಯುಗಾದಿಗೆ ಮುಂಚೆ ಒಂಟಿಕೊಪ್ಪಲ್ ಪಂಚಾಂಗ: ಇವು ಉಳಿಯುವ ಭಯವಿಲ್ಲದ ಸರಕು. ಕಾದಂಬರಿಗೆ ಆ ಭರವಸೆಯಿಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಲೆಕ್ಕ ಬೇರೆ. ಕೊಬ್ಬರಿ ಸುಡುವ ಹೊಗೆಯ ನಡುವೆ ತಾಡಪಾಲು ಹಾಸಿ ಕೂತವರ ಮುಂದೆ ಸ್ವಾಮಿಯ ಮಹಿಮೆ, ಭಜನೆ ಪದ, ಬಯಲಾಟದ ಪುಸ್ತಕ. ಗದಗದ ಬಿ.ಜಿ. ಸಂಕೇಶ್ವರ ಕಂಪನಿಯಂಥವರು ತಲೆಮಾರುಗಳಿಂದ ಅಚ್ಚು ಹಾಕುತ್ತ ಬಂದ ಬಗೆಯ ಪುಸ್ತಕಗಳಿವು. ಕೊಳ್ಳುವವರು ನಿಂತಲ್ಲೇ ಎರಡು ಸಾಲು ಹಾಡಿ ನೋಡುತ್ತಾರೆ. ಹಾಡಲು ಬಂದರೆ ಪುಸ್ತಕ ಚೀಲ ಸೇರಿತು. ನನಗೆ ಇದು ವಿಮರ್ಶೆಯ ಗಟ್ಟಿ ಕ್ರಮವಾಗಿಯೇ ಕಾಣುತ್ತದೆ.

ಸಾಹಿತ್ಯ ಕೃತಿಗಳ ದಾರಿ ಮತ್ತೊಂದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಆಸ್ತಿ ತೆರಿಗೆಯ ಮೇಲಿನ ಕರದಿಂದ ಗ್ರಂಥಾಲಯಗಳು ಬೆಳೆದವು, ಸಗಟು ಖರೀದಿ ಪ್ರಕಾಶಕರಿಗೆ ಆಧಾರವಾಯಿತು. ಇದರಿಂದ ದೊಡ್ಡ ಉಪಕಾರವಾಗಿದೆ, ನಿಜ. ಆದರೆ ಸಗಟು ಖರೀದಿ ನಂಬಿದ ಪ್ರಕಾಶಕರಿಗೆ ತಾಲ್ಲೂಕು ಕೇಂದ್ರದ ಅಂಗಡಿ ಹುಡುಕುವ ಜರೂರು ಕಡಿಮೆಯಾಯಿತು ಎಂಬುದು ನನ್ನ ಅಭಿಪ್ರಾಯ. ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದಿದ್ದರು.

ಈ ನೆಲಕ್ಕೆ ಪುಸ್ತಕದ ಬರವಿಲ್ಲ, ಅದೇ ನೋವಿನ ಸಂಗತಿ. ಬಳ್ಳಾರಿ ರಸ್ತೆಯ ತಳುಕು ಟಿ.ಎಸ್. ವೆಂಕಣ್ಣಯ್ಯನವರ ಊರು, ತ.ರಾ.ಸು. ಅದೇ ಮನೆತನದವರು. ವೇದಾವತಿ ದಂಡೆಯ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳ ಬಗ್ಗೆ ಬರೆದ ‘ಯೇಗ್ದಾಗೆಲ್ಲಾ ಐತೆ’ ನಾಡಿನಾದ್ಯಂತ ಓದುಗರನ್ನು ಪಡೆದಿದೆ. ಅಕ್ಷರ ಕಲಿಯದ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಅಚ್ಚಿಗೆ ತಂದಿದ್ದಾರೆ.

ಪೇಪರ್ ಅಂಗಡಿಯವರು ಗಿರಾಕಿ ಕೇಳಿದ ಹೆಸರನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಒಂದೇ ಹೆಸರು ಮೂರು ಸಲ ಬಂದರೆ ಮುಂದಿನ ಪಾರ್ಸಲ್‌ನಲ್ಲಿ ಆ ಪುಸ್ತಕ ಬರುವ ಸಂಭವ ಹೆಚ್ಚು. ಚಳ್ಳಕೆರೆ, ಮೊಳಕಾಲ್ಮುರಿನ ಓದುಗರು ದಯವಿಟ್ಟು ಈ ನೆಲದ ಪುಸ್ತಕಗಳನ್ನು ನಿಮ್ಮೂರಿನ ಅಂಗಡಿಯಲ್ಲೇ ಕೇಳಿ, ಮುಂಗಡ ಕೊಟ್ಟು ತರಿಸಿಕೊಳ್ಳಿ.