ನಮ್ಮ ಕಾಲದ ಹಾಡುಗಳೇ ಚೆಂದ ಎನಿಸುವುದೇಕೆ?

ಕನ್ನಡದ ಅತ್ಯುತ್ತಮ ಆಲ್ಬಂ ಯಾವುದೆಂದು ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿ ನೋಡಿ. ಅಪ್ಪ 1972ರ ‘ನಾಗರಹಾವು’ ಎನ್ನುತ್ತಾರೆ, ಚಿಕ್ಕಪ್ಪ 1987ರ ‘ಪ್ರೇಮಲೋಕ’ ಬಿಟ್ಟುಕೊಡುವುದಿಲ್ಲ, ಅಕ್ಕನಿಗೆ 2006ರ ‘ಮುಂಗಾರು ಮಳೆ’ಯೇ ಮೊದಲು. ಕೊನೆಗೆ ಯಾರೋ ‘ಈಗಿನದೆಲ್ಲ ಬರೀ ಗದ್ದಲ’ ಎಂಬ ಫಾರ್ವರ್ಡ್ ಹಾಕುತ್ತಾರೆ.

ಇದರಲ್ಲಿ ಸಂಗೀತದಷ್ಟೇ ಪಾತ್ರ ನಮ್ಮ ವಯಸ್ಸಿನದೂ ಇದೆ. ಅಮೆರಿಕದ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 16ರಿಂದ 86 ವರ್ಷದ 108 ಜನರಿಗೆ ಬೇರೆ ಬೇರೆ ಕಾಲದ 28 ಹಾಡುಗಳ ತುಣುಕು ಕೇಳಿಸಿದರು. 1989ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಮಗೆ ಸುಮಾರು 24 ವರ್ಷವಿದ್ದಾಗ ಜನಪ್ರಿಯವಾಗಿದ್ದ ಹಾಡುಗಳೇ ಅವರಿಗೆ ಹೆಚ್ಚು ಹಿಡಿಸಿದ್ದವು. ಹದಿಹರೆಯದಿಂದ ಇಪ್ಪತ್ತರ ದಶಕದವರೆಗಿನ ನೆನಪುಗಳು ಎಲ್ಲರಲ್ಲೂ ಗಟ್ಟಿ. ಕಾಲೇಜು, ಮೊದಲ ಸಂಬಳ, ಮೊದಲ ಪ್ರೀತಿ ಎಲ್ಲ ಆಗಲೇ ತಾನೇ? ಹಾಡು ಅವುಗಳಿಗೆ ಅಂಟಿಕೊಳ್ಳುತ್ತದೆ.

ಇನ್ನೊಂದು ಮೋಸವೂ ಇದೆ. ಆ ಕಾಲದ ಸಪ್ಪೆ ಹಾಡುಗಳನ್ನು ಈಗ ಯಾರೂ ಹಾಕುವುದಿಲ್ಲ. ಜರಡಿಯಲ್ಲಿ ಉಳಿದ ಹಳೆಯದನ್ನು ಈ ವಾರ ಬಂದ ಎಲ್ಲದರ ಜೊತೆ ತೂಗುತ್ತೇವೆ. ಹಾಗಾಗಿ ಆ ಫಾರ್ವರ್ಡ್ ಅನ್ನು ನಾವು ನಿಜವೆನ್ನಲಾರೆವು.

ಆದರೂ ಅಪ್ಪನ ಪಟ್ಟಿಯನ್ನು ನಗೆಯಾಡದೆ ಬರೆದಿಟ್ಟುಕೊಳ್ಳಿ. ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುವವರು ಹುಡುಕುವುದು ಅವರ ಹರೆಯದ ಹಾಡುಗಳನ್ನೇ. ಆಗ ಕೇಳಿದರೆ ಹೇಳಲು ಅವರಿಗೇ ನೆನಪಿರುವುದಿಲ್ಲ.